ಕೆಂಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಹಳದಿ

ಹೋದ ಜನವರಿ. ಸಂಕ್ರಾಂತಿ ಕಳೆದು ಎರಡು ದಿನ ಆಗಿತ್ತು. ಶನಿವಾರ ಮಧ್ಯಾಹ್ನ ಗರಾಜಿನಲ್ಲಿ ಮೊಣಕಾಲೂರಿ ಕೂತು, ನೀರಲ್ಲಿ ನೆನೆಸಿದ ಉಪ್ಪುಕಾಗದದಿಂದ ನನ್ನ ಕಾರಿನ ಹಿಂದಿನ ಮಡ್‌ಗಾರ್ಡ್‌ನ ಒಂದು ಮೂಲೆ ಉಜ್ಜಿದೆ. ಒಂದು ರೂಪಾಯಿ ನಾಣ್ಯದಷ್ಟು ಜಾಗ, ಅಷ್ಟೇ. ಬಣ್ಣ ಎಷ್ಟು ದಪ್ಪ ಕೂತಿದೆ ಅಂತ ನೋಡಬೇಕಿತ್ತು.

ಮೊದಲು ಕೆಂಪು ಹೋಯಿತು. ಅದರ ಕೆಳಗೆ ಬೂದು ಪ್ರೈಮರ್. ಅದರ ಕೆಳಗೆ ಕಡು ಹಸಿರು. ಮತ್ತೆ ಒಂದು ಪದರ ಪ್ರೈಮರ್. ಅದೂ ಹೋದ ಮೇಲೆ ಹಳದಿ ಕಾಣಿಸಿತು. ನಿಂಬೆಹಣ್ಣಿನ ಹಳದಿ ಅಲ್ಲ, ಚೆಂಡುಹೂವಿನದೂ ಅಲ್ಲ. ಸ್ವಲ್ಪ ಮಂಕಾದ, ಬೆಚ್ಚಗಿನ ಹಳದಿ. ಉಜ್ಜುವುದು ನಿಲ್ಲಿಸಿದೆ. ಮರ ಕಡಿದಾಗ ಕಾಣುವ ವರ್ಷದ ಗೆರೆಗಳ ಹಾಗೆ, ಆ ಪುಟ್ಟ ವೃತ್ತದೊಳಗೆ ಒಂದರೊಳಗೊಂದು ಬಣ್ಣದ ಬಳೆಗಳಿದ್ದವು. ನಡುವೆ ಆ ಹಳದಿ.

ಕಾರು 1973ರ ಎಂಜಿಬಿ ರೋಡ್‌ಸ್ಟರ್, ಎಂಜಿ ಎಂಬ ಬ್ರಿಟಿಷ್ ಕಂಪನಿಯದು. ಎರಡು ಸೀಟು, ಮಡಚುವ ಬಟ್ಟೆ ಮಾಡು, ಕ್ರೋಮ್ ಬಂಪರ್. 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್ ಎಂಬ ಸಣ್ಣ ಊರಿನ ಕಾರ್ಖಾನೆಯಿಂದ ಇಂಥ ಕಾರುಗಳು ಐದು ಲಕ್ಷಕ್ಕೂ ಜಾಸ್ತಿ ಹೊರಬಂದವು. ಹಾಗಾಗಿ ಅಪರೂಪದ ಕಾರು ಅಂತ ಹೇಳಲಾರೆ. ಆದರೆ ನೋಡಿದರೆ ಸಾಕು, ಖುಷಿಯಾಗುವ ಕಾರು. ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಒಂದೇ ಗೆರೆ ಎಳೆದ ಹಾಗೆ ಮೈ.

ನಾನಿರುವುದು ಇಂಗ್ಲೆಂಡಿನ ಸ್ವಿಂಡನ್‌ ಊರಿನಲ್ಲಿ. ಕೆಲಸಕ್ಕೆ ಅಂತ ಬಂದು ಹನ್ನೆರಡು ವರ್ಷ ಆಯಿತು. ಈ ಊರಿಗೂ ನನ್ನ ಕಾರಿಗೂ ಇರುವ ನಂಟು ನನಗೆ ತಿಳಿದದ್ದು ಕಾರು ಕೊಂಡ ಮೇಲೆ. ಅಬಿಂಗ್ಡನ್‌ನಲ್ಲಿ ಕಾರಿನ ಮೈ ತಯಾರಾಗುತ್ತಿರಲಿಲ್ಲ. ಬೇರೆ ಕಡೆ ತಗಡು ಒತ್ತಿ, ಬೆಸೆದು, ಬಣ್ಣ ಹೊಡೆದ ಬಾಡಿಗಳು ಲಾರಿಯಲ್ಲಿ ಅಲ್ಲಿಗೆ ಬರುತ್ತಿದ್ದವು. ಎಂಜಿನ್, ಗೇರ್‌ಬಾಕ್ಸ್, ಚಕ್ರ ಜೋಡಿಸುವ ಕೆಲಸ ಅಬಿಂಗ್ಡನ್‌ನದು. ಆ ತಗಡು ಒತ್ತುತ್ತಿದ್ದ ದೊಡ್ಡ ಪ್ರೆಸ್‌ಗಳಿದ್ದದ್ದು ಸ್ವಿಂಡನ್‌ನಲ್ಲೇ. ಆ ಕಾರ್ಖಾನೆ ಇವತ್ತಿಗೂ ಇದೆ, ಈಗ ಮಿನಿ ಕಾರಿಗೆ ತಗಡು ಒತ್ತುತ್ತದೆ. ಮಗಳನ್ನು ಈಜಿಗೆ ಬಿಡಲು ಹೋಗುವಾಗ ಎಷ್ಟೋ ಸಲ ಆ ಕಡೆ ಹಾದು ಹೋಗಿದ್ದೇನೆ. ನನ್ನ ಕಾರಿನ ಬಾಗಿಲು, ಮಡ್‌ಗಾರ್ಡ್ ಎಲ್ಲ ಐವತ್ತು ವರ್ಷದ ಹಿಂದೆ ಇಲ್ಲಿಂದ ಹೊರಟು, ಊರೂರು ಸುತ್ತಿ, ತಿರುಗಿ ಇಲ್ಲಿಗೇ ಬಂದಿವೆ ಅನ್ನುವುದು ನನಗೆ ಸಣ್ಣ ವಿಷಯ ಅಲ್ಲ.

ಇಷ್ಟಕ್ಕೂ ಹಳೆ ಬ್ರಿಟಿಷ್ ಕಾರು ಯಾಕೆ ಅಂತ ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ಅದಕ್ಕೆ ಕಾರಣ ತಿಪಟೂರಿನ ನನ್ನ ಸೋದರಮಾವ. ಅವರ ಹತ್ತಿರ 1978ರ ಬಿಳಿ ಅಂಬಾಸಿಡರ್ ಇತ್ತು. ಬೇಸಿಗೆ ರಜೆಯಲ್ಲಿ ಬಾನೆಟ್ ಎತ್ತಿಟ್ಟು ಅವರು ಕಾರ್ಬ್ಯುರೇಟರ್ ಬಿಚ್ಚಿ ಪೆಟ್ರೋಲ್‌ನಲ್ಲಿ ತೊಳೆಯುವಾಗ, ಸ್ಕ್ರೂಗಳನ್ನು ಸ್ಟೀಲ್ ತಟ್ಟೆಯಲ್ಲಿ ಹಿಡಿದುಕೊಂಡು ನಿಲ್ಲುವುದು ನನ್ನ ಕೆಲಸ. ‘ತಟ್ಟೆ ಅಲ್ಲಾಡಿಸ್ಬೇಡ ಪುಟ್ಟಿ, ಒಂದು ಉರುಳಿ ಹೋದ್ರೂ ಇವತ್ತು ಪೇಟೆಗೆ ನಡ್ಕೊಂಡು ಹೋಗ್ಬೇಕು’ ಅನ್ನುತ್ತಿದ್ದರು. ಅಂಬಾಸಿಡರ್ ಅಂದರೆ ಮೂಲದಲ್ಲಿ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್. ಆ ಕಾಲದ ಅಂಬಾಸಿಡರ್‌ಗೆ ಇದ್ದದ್ದು ಬಿ-ಸೀರೀಸ್ ಎಂಬ 1489 ಸಿಸಿ ಎಂಜಿನ್. ಎಂಜಿಬಿಯಲ್ಲಿರುವುದೂ ಅದೇ ಬಿ-ಸೀರೀಸ್, 1798 ಸಿಸಿಗೆ ಬೆಳೆದದ್ದು. ಇಬ್ಬರೂ ಒಂದೇ ಮನೆಯ ಅಣ್ಣತಮ್ಮ. ನಾನು ಮೊದಲ ಸಲ ಎಂಜಿಬಿಯ ಬಾನೆಟ್ ಎತ್ತಿದಾಗ ಒಳಗಿನ ಎಂಜಿನ್ ನನಗೆ ಹೊಸದು ಅನ್ನಿಸಲಿಲ್ಲ. ಮಾವ ಈಗಿಲ್ಲ. ಇದ್ದಿದ್ದರೆ ಈ ಕಾರಿನ ಟ್ಯಾಪೆಟ್ ಸದ್ದು ಫೋನಿನಲ್ಲೇ ಕೇಳಿ ಎಷ್ಟು ಬಿಗಿ ಮಾಡಬೇಕು ಅಂತ ಹೇಳುತ್ತಿದ್ದರು.

ಕಾರು ನನ್ನ ಕೈಗೆ ಬಂದಾಗ ಕೆಂಪಗಿತ್ತು. ದೂರದಿಂದ ಚೆನ್ನಾಗೇ ಕಾಣುತ್ತಿತ್ತು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಬಾಗಿಲ ಕೆಳಗಿನ ಸಿಲ್ ಉದ್ದಕ್ಕೂ, ಮುಂದಿನ ಮಡ್‌ಗಾರ್ಡ್‌ನ ಬುಡದಲ್ಲಿ ಹಪ್ಪಳದ ಹಾಗೆ ಗುಳ್ಳೆ ಎದ್ದವು. ಎಂಜಿಬಿಗೆ ತುಕ್ಕು ಹಿಡಿಯುವ ಜಾಗಗಳೇ ಅವು. ಒತ್ತಿದರೆ ಒಳಗೆಲ್ಲ ಪುಟ್ಟಿ. ಹಿಂದೆ ಯಾರೋ ತುಕ್ಕನ್ನು ಕತ್ತರಿಸಿ ತೆಗೆಯದೆ, ಅದರ ಮೇಲೇ ಪುಟ್ಟಿ ಮೆತ್ತಿ ಕೆಂಪು ಹೊಡೆದಿದ್ದರು. ಸಿಲ್‌ಗಳನ್ನು ಕತ್ತರಿಸಿ ಹೊಸದನ್ನು ಬೆಸೆಯುವ ಟಿಂಕರಿಂಗ್ ಕೆಲಸಕ್ಕೇ ಹೋದ ವರ್ಷ ಪೂರ್ತಿ ಹೋಯಿತು. ಆ ಕಥೆ ಇನ್ನೊಂದು ದಿನ ಬರೆಯುತ್ತೇನೆ. ಅದು ಮುಗಿದ ಮೇಲೆ ಉಳಿದದ್ದು ಒಂದೇ ಪ್ರಶ್ನೆ. ಯಾವ ಬಣ್ಣ?

ನನ್ನ ಮನಸ್ಸಿನಲ್ಲಿ ಉತ್ತರ ಮೊದಲೇ ಇತ್ತು. ಹಸಿರು. ಬ್ರಿಟಿಷ್ ರೇಸಿಂಗ್ ಗ್ರೀನ್. ಇಂಗ್ಲಿಷರ ಹಳೆ ಸ್ಪೋರ್ಟ್ಸ್ ಕಾರು ಅಂದ ತಕ್ಷಣ ಕಣ್ಣ ಮುಂದೆ ಬರುವ ಬಣ್ಣ. 1961ರಲ್ಲಿ ಜಾಗ್ವಾರ್ ಇ-ಟೈಪ್ ಮೊದಲ ಸಲ ಜಿನೀವಾ ಮೋಟಾರ್ ಶೋನಲ್ಲಿ ಕಾಣಿಸಿಕೊಂಡಾಗ ನೋಡುವವರ ನೂಕುನುಗ್ಗಲು ಜಾಸ್ತಿಯಾಗಿ ಇನ್ನೊಂದು ಕಾರು ಬೇಕೇ ಬೇಕು ಅಂತಾಯಿತು. ಆಗ ಕಂಪನಿಯ ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್ ಕವೆಂಟ್ರಿಯಿಂದ ರಾತ್ರಿಯಿಡೀ ಓಡಿಸಿಕೊಂಡು ಬೆಳಗಾಗುವಷ್ಟರಲ್ಲಿ ಅಲ್ಲಿ ತಂದು ನಿಲ್ಲಿಸಿದ ಕಾರು ಇದೇ ಹಸಿರಿನದು. ಆ ಒಂದು ಪ್ರಯಾಣಕ್ಕಾಗಿಯಾದರೂ ಆ ಬಣ್ಣದ ಮೇಲೆ ನನಗೆ ಪ್ರೀತಿ.

ಆದರೆ ಯಾವ ಹಸಿರು ಅಂತ ಹುಡುಕಲು ಹೊರಟಾಗ ಗೊತ್ತಾಯಿತು, ಆ ಹೆಸರಿನಲ್ಲಿ ಒಂದು ಹಸಿರು ಇಲ್ಲವೇ ಇಲ್ಲ. ಅದರ ಹಿಂದಿನ ಕಥೆ ಕೇಳಿದರೆ ಯಾಕೆ ಅಂತ ಅರ್ಥವಾಗುತ್ತದೆ. 1900ರಲ್ಲಿ ಗಾರ್ಡನ್ ಬೆನೆಟ್ ಕಪ್ ಅಂತ ದೇಶ ದೇಶಗಳ ನಡುವೆ ಕಾರು ರೇಸ್ ಶುರುವಾಯಿತು. ಯಾವ ದೇಶದ ಕಾರು ಅಂತ ದೂರದಿಂದಲೇ ಗೊತ್ತಾಗಲಿ ಎಂದು ಒಂದೊಂದು ದೇಶಕ್ಕೆ ಒಂದೊಂದು ಬಣ್ಣ ಗೊತ್ತುಮಾಡಿದರು. ಫ್ರಾನ್ಸ್‌ಗೆ ನೀಲಿ, ಜರ್ಮನಿಗೆ ಬಿಳಿ, ಬೆಲ್ಜಿಯಂಗೆ ಹಳದಿ, ಅಮೆರಿಕಕ್ಕೆ ಕೆಂಪು. ಬ್ರಿಟನ್ ಸರಿಯಾಗಿ ಕಣಕ್ಕೆ ಇಳಿಯುವ ಹೊತ್ತಿಗೆ ಅವರ ಬಾವುಟದ ಮೂರೂ ಬಣ್ಣ ಬೇರೆಯವರ ಪಾಲಾಗಿದ್ದವು. 1902ರಲ್ಲಿ ಸೆಲ್ವಿನ್ ಎಡ್ಜ್ ನೇಪಿಯರ್ ಕಾರಿನಲ್ಲಿ ಆ ಕಪ್ ಗೆದ್ದರು. ಗೆದ್ದವರ ದೇಶದಲ್ಲೇ ಮುಂದಿನ ರೇಸ್ ನಡೆಯಬೇಕು ಅನ್ನುವುದು ನಿಯಮ. ಆದರೆ ಇಂಗ್ಲೆಂಡಿನ ರಸ್ತೆಗಳಲ್ಲಿ ರೇಸ್‌ಗೆ ಕಾನೂನು ಅಡ್ಡ ಬರುತ್ತಿತ್ತು. ಹಾಗಾಗಿ 1903ರ ರೇಸ್ ಐರ್ಲೆಂಡಿನಲ್ಲಿ ನಡೆಯಿತು. ಆ ನೆಲಕ್ಕೆ ಗೌರವ ಅಂತ ಬ್ರಿಟಿಷ್ ಕಾರುಗಳು ಅಲ್ಲಿನ ಶ್ಯಾಮ್‌ರಾಕ್ ಎಲೆಯ ಹಸಿರು ಬಳಿದುಕೊಂಡವು. ಅಲ್ಲಿಂದ ಹಸಿರು ಅವರದಾಯಿತು.

ಅಂದರೆ ಅದು ಇಂಥದ್ದೇ ಹಸಿರು ಅಂತ ಯಾರೂ ಡಬ್ಬಿಯ ಮೇಲೆ ಬರೆದು ಕೊಟ್ಟದ್ದಲ್ಲ. ಮುಂದೆ ಒಬ್ಬೊಬ್ಬರದು ಒಂದೊಂದು ಹಸಿರಾಯಿತು. ಒಬ್ಬರದು ಗಿಳಿಯ ರೆಕ್ಕೆಗೆ ಹತ್ತಿರ, ಒಬ್ಬರದು ಪಾಚಿಯ ಹಾಗೆ, ಇನ್ನೊಬ್ಬರದು ಸಂಜೆಯಾದರೆ ಕಪ್ಪೇ ಅನ್ನಿಸುವಷ್ಟು ಕಡು. ಎಂಜಿಬಿ ಬಣ್ಣದ ಪಟ್ಟಿಯಲ್ಲೇ ಬೇರೆ ಬೇರೆ ವರ್ಷದಲ್ಲಿ ಇದೇ ಹೆಸರು ಹೊತ್ತು ಬೇರೆ ಬೇರೆ ಹಸಿರು ಬಂದಿವೆ. 1968ರಲ್ಲಿ ಲೋಟಸ್ ತಂಡ ಹಸಿರು ಬಿಟ್ಟು ಸಿಗರೇಟು ಕಂಪನಿಯ ಕೆಂಪು, ಬಿಳಿ, ಬಂಗಾರದ ಬಣ್ಣ ಹಾಕಿಕೊಂಡು ಫಾರ್ಮುಲಾ ಒನ್ ರೇಸ್‌ಗೆ ಇಳಿಯಿತು. ದೇಶದ ಬಣ್ಣದ ಕಾಲ ಅಲ್ಲಿಗೆ ಮುಗಿಯುತ್ತಾ ಬಂತು. ಆಮೇಲೆ ಹಸಿರು ರೇಸ್ ಬಿಟ್ಟು ನೆನಪಿನ ಬಣ್ಣ ಆಯಿತು. ನನ್ನ ಕಾರಿನ ಕೆಂಪಿನ ಕೆಳಗಿದ್ದ ಹಸಿರೂ ಯಾರೋ ಹಿಂದಿನ ಮಾಲೀಕರು ಆ ನೆನಪಿಗೆ ಸೋತು ಹೊಡೆಸಿದ್ದೇ ಇರಬೇಕು. ಅವರಿಗೂ ನನ್ನ ಹಾಗೇ ಆಸೆ ಆಗಿತ್ತು.

ಜನವರಿಯ ಆ ಶನಿವಾರದ ಮೇಲೆ ನನ್ನ ಹಸಿರಿನ ಆಸೆ ಅಷ್ಟು ಗಟ್ಟಿಯಾಗಿ ಉಳಿಯಲಿಲ್ಲ.

ವಾರ್ವಿಕ್‌ಶೈರ್‌ನ ಗೇಡನ್ ಎಂಬಲ್ಲಿ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಇದೆ. ಹಳೆ ಕಾರ್ಖಾನೆಗಳ ಉತ್ಪಾದನೆಯ ದಾಖಲೆಗಳು ಅಲ್ಲಿವೆ. ಕಾರಿನ ನಂಬರ್ ಕೊಟ್ಟು ಹಣ ಕಟ್ಟಿದರೆ ಹೆರಿಟೇಜ್ ಸರ್ಟಿಫಿಕೇಟ್ ಅಂತ ಒಂದು ಹಾಳೆ ಕಳಿಸುತ್ತಾರೆ. ಕಾರು ಯಾವ ದಿನ ತಯಾರಾಯಿತು, ಎಂಜಿನ್ ನಂಬರ್ ಏನಿತ್ತು, ಹೊರಗೆ ಯಾವ ಬಣ್ಣ ಅಂತೆಲ್ಲ ಅದರಲ್ಲಿರುತ್ತದೆ. ಜಾತಕವನ್ನು ಐವತ್ತು ವರ್ಷ ಆದ ಮೇಲೆ ಬರೆಸಿದ ಹಾಗೆ. ಫೆಬ್ರವರಿಯಲ್ಲಿ ನನ್ನದು ಬಂತು. 1973ರ ಮೇ ತಿಂಗಳ ಕಾರು. ಬಣ್ಣ, ಹಾರ್ವೆಸ್ಟ್ ಗೋಲ್ಡ್.

ಸುಗ್ಗಿಯ ಬಂಗಾರ! ಸಂಕ್ರಾಂತಿಯ ವಾರದಲ್ಲೇ ಆ ಹಳದಿ ಸಿಕ್ಕಿತ್ತಲ್ಲ ಅಂತ ನೆನಪಾಗಿ ಆ ಹಾಳೆ ಹಿಡಿದುಕೊಂಡು ಸುಮ್ನೆ ಕೂತಿದ್ದೆ.

ಆ ಕಾಲದ ಬಣ್ಣದ ಹೆಸರುಗಳನ್ನು ಓದುವುದೇ ಒಂದು ಸುಖ. ಟೀಲ್ ಬ್ಲೂ, ಗ್ರೀನ್ ಮ್ಯಾಲಾರ್ಡ್. ಎರಡೂ ಕೆರೆಯ ಬಾತುಗಳ ಹೆಸರು. ಮ್ಯಾಲಾರ್ಡ್ ಗಂಡಿನ ತಲೆಯ ಮೇಲೆ ಬಿಸಿಲು ಬಿದ್ದಾಗ ಮಿಂಚುತ್ತದಲ್ಲ, ಆ ಹಸಿರು. ಅಕೊನೈಟ್ ಅಂದರೆ ನೇರಳೆ ಬಣ್ಣದ ಹೂವಿನ ಗಿಡ, ವಿಷದ್ದು. ಡಮಾಸ್ಕ್ ಅಂದರೆ ಪನ್ನೀರಿನ ಗುಲಾಬಿ. ಬ್ಲ್ಯಾಕ್ ಟುಲಿಪ್ ಇನ್ನೊಂದು. ಬ್ಲೇಜ್ ಅಂದರೆ ಧಗಧಗ ಕಿತ್ತಳೆ. ಅದಕ್ಕಿಂತ ಹತ್ತು ವರ್ಷ ಹಿಂದಿನ ಪಟ್ಟಿ ಬೇರೆಯೇ ಥರ: ಓಲ್ಡ್ ಇಂಗ್ಲಿಷ್ ವೈಟ್, ಟಾರ್ಟನ್ ರೆಡ್, ಐರಿಸ್ ಬ್ಲೂ, ಚೆಲ್ಸೀ ಗ್ರೇ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತ ಹೆಸರುಗಳು ಅವು. ಎಪ್ಪತ್ತರ ದಶಕದವು ಹೊಲ, ಕೆರೆ, ತೋಟದಿಂದ ಎದ್ದು ಬಂದವು. ಬಣ್ಣಕ್ಕೆ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಅವರಿಗೆ ಹಳ್ಳಿಯ ಕಡೆ ಸುತ್ತುವ ಅಭ್ಯಾಸ ಇದ್ದಿರಬೇಕು.

ಮನೆಯಲ್ಲಿ ಮೂವರದು ಮೂರು ಮಾತು. ನನ್ನ ಗಂಡನಿಗೆ ಕೆಂಪೇ ಇರಲಿ. ಒಂಬತ್ತು ವರ್ಷದ ಮಗಳಿಗೆ ಅಕೊನೈಟ್ ಬೇಕು, ಬದನೆಕಾಯಿ ಬಣ್ಣದ ಕಾರು ಶಾಲೆ ಮುಂದೆ ಬಂದು ನಿಲ್ಲಬೇಕು ಅಂತ ಅವಳ ಆಸೆ. ನನಗೆ ಹಸಿರೂ ಬಿಡಲಾಗದು, ಹಳದಿಯೂ ಬಿಡಲಾಗದು. ಕೊನೆಗೆ ತುಮಕೂರಿನಲ್ಲಿರುವ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ, ಆ ನಾಣ್ಯದಷ್ಟು ಹಳದಿಯ ಮುಂದೆ ಫೋನ್ ಹಿಡಿದೆ.

‘ಇದೇನೇ ಇದು, ಬೆಂದ ತೊಗರಿಬೇಳೆ ಬಣ್ಣ’ ಅಂದರು ಅಮ್ಮ. ‘ಒಗ್ಗರಣೆ ಹಾಕೋಕೆ ಮುಂಚೆ ಇರುತ್ತಲ್ಲ, ಅದೇ. ಚೆನ್ನಾಗಿದೆ ಕಣೇ. ಆದ್ರೆ ಫೋನಲ್ಲಿ ಬಣ್ಣ ನಂಬಬೇಡ. ಹೊರಗೆ ತಗೊಂಡ್ಹೋಗಿ ನೋಡು.’

ಬಣ್ಣದ ವಿಷಯದಲ್ಲಿ ಅಮ್ಮನ ಮಾತು ನಾನು ಮೀರುವುದಿಲ್ಲ. ನನ್ನ ಮದುವೆಗೆ ಚಿಕ್ಕಪೇಟೆಯಲ್ಲಿ ಸೀರೆ ತೆಗೆಯಲು ಹೋದಾಗ ಅಂಗಡಿಯವರು ಒಂದೊಂದಾಗಿ ಬಿಚ್ಚಿ ಹಾಸುತ್ತಿದ್ದರು. ಗಿಳಿಹಸಿರು, ರಾಮಾ ಗ್ರೀನ್, ಈರುಳ್ಳಿ ಬಣ್ಣ, ನವಿಲು ಬಣ್ಣ. ತಿಳಿಯಾದ ಮಂಕು ಬಣ್ಣದ ಸೀರೆಗಳಿಗೆ ಅಲ್ಲಿ ‘ಇಂಗ್ಲಿಷ್ ಕಲರ್’ ಅನ್ನುತ್ತಾರೆ. ‘ಇಂಗ್ಲಿಷ್ ಕಲರ್ ತೋರಿಸ್ಲಾ ಅಮ್ಮಾ?’ ಅಂತ ಕೇಳುವುದು ಇನ್ನೂ ಕಿವಿಯಲ್ಲಿದೆ. ಯಾಕೆ ಆ ಹೆಸರು ಅಂತ ನನಗೆ ಅರ್ಥವಾದದ್ದು ಈ ದೇಶಕ್ಕೆ ಬಂದು ಒಂದು ನವೆಂಬರ್ ಕಳೆದ ಮೇಲೆ. ಇಲ್ಲಿನ ಬೆಳಕೇ ಹಾಗೆ, ಎಲ್ಲ ಬಣ್ಣದ ಮೇಲೂ ತೆಳ್ಳಗೆ ಹಾಲು ಸುರಿದ ಹಾಗೆ. ಅಮ್ಮ ಆವತ್ತು ಒಂದು ಸೀರೆ ಇಷ್ಟವಾದ ಕೂಡಲೇ ಅದನ್ನು ಎತ್ತಿಕೊಂಡು ಅಂಗಡಿಯ ಬಾಗಿಲಿಗೆ ಹೋದರು. ರಸ್ತೆಯ ಬೆಳಕಿನಲ್ಲಿ ಸೆರಗು ಹಿಡಿದು, ತಿರುಗಿಸಿ, ಮಡಿಸಿ ನೋಡಿದರು. ‘ಟ್ಯೂಬ್‌ಲೈಟಲ್ಲಿ ಕಂಡ ಬಣ್ಣ ಮನೆಗೆ ಬರೋದಿಲ್ಲ’ ಅಂದರು.

ಕಾರಿನ ಬಣ್ಣಕ್ಕೂ ಆ ಮಾತು ಅಕ್ಷರಶಃ ನಿಜ. ಎರಡು ಬಣ್ಣ ಹಗಲಲ್ಲಿ ಒಂದೇ ಥರ ಕಾಣುತ್ತವೆ, ಅದೇ ಎರಡು ದೀಪದ ಕೆಳಗೆ ಬೇರೆ ಬೇರೆ. ಅವುಗಳಲ್ಲಿ ಬೆರೆಸಿದ ಪುಡಿಗಳು ಬೇರೆ ಬೇರೆ ಆಗಿದ್ದರೆ ಹೀಗಾಗುತ್ತದೆ. ಇನ್ನೊಂದು ತೊಡಕು ಅಳತೆಯದು. ಬೆರಳಷ್ಟು ಅಗಲದ ಚೀಟಿಯಲ್ಲಿ ನೋಡಿದ ಬಣ್ಣ ಬಾನೆಟ್ ಅಗಲಕ್ಕೆ ಹರಡಿದಾಗ ಬೇರೆಯದೇ ಅನ್ನಿಸುತ್ತದೆ. ಮತ್ತೆ ಕಾರಿನ ಮೈ ಗೋಡೆಯಲ್ಲ. ಮೇಲೆ ಬಾಗಿದ ಕಡೆ ಆಕಾಶ ಕಾಣುತ್ತದೆ, ಕೆಳಗೆ ತಿರುಗಿದ ಕಡೆ ರಸ್ತೆ ಕಾಣುತ್ತದೆ. ಕಡು ಹಸಿರಿನಲ್ಲಿ ಎಂಜಿಬಿಯ ಆ ಉದ್ದದ ಗೆರೆ ಮೋಡದ ದಿನ ಮುಚ್ಚಿಹೋಗುತ್ತದೆ, ಇಡೀ ಪಕ್ಕ ಒಂದೇ ನೆರಳಾಗುತ್ತದೆ. ತಿಳಿ ಬಣ್ಣದಲ್ಲಿ ಗೆರೆಯ ಕೆಳಗಿನ ನೆರಳು ಬೇರೆ, ಮೇಲಿನ ಬೆಳಕು ಬೇರೆ ಅಂತ ಎದ್ದು ಕಾಣುತ್ತದೆ. ಸ್ವಿಂಡನ್‌ನಲ್ಲಿ ಮೋಡದ ದಿನಗಳೇ ಜಾಸ್ತಿ ಅಲ್ವಾ?

ಹಾಗಾಗಿ ಹಳೆ ಕಾರುಗಳಿಗೆ ಬಣ್ಣ ಹೊಡೆಯುವ ಪೇಂಟರ್ ಹತ್ತಿರ ಹೋಗಿ ಎರಡು ತಗಡು ಮಾಡಿಸಿಕೊಂಡೆ. ಒಂದು ಹಸಿರು, ಒಂದು ಹಾರ್ವೆಸ್ಟ್ ಗೋಲ್ಡ್. ನಮ್ಮ ದೇವರಮನೆಯ ಮಣೆಯಷ್ಟು ಅಗಲ, ನಡುವೆ ಸ್ವಲ್ಪ ಬಾಗಿಸಿದ್ದು. ಅವನ್ನು ಬೇಸಿಗೆಯುದ್ದಕ್ಕೂ ನನ್ನ ದಿನನಿತ್ಯದ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಾಡಿದೆ. ಮಳೆಯಲ್ಲಿ ನೋಡಿದೆ. ಸೂಪರ್‌ಮಾರ್ಕೆಟಿನ ದೀಪದ ಕೆಳಗೆ ನೋಡಿದೆ. ಬೆಳಗಿನ ಐದು ಗಂಟೆಗೂ ನೋಡಿದೆ.

ಆಗಸ್ಟ್‌ನಲ್ಲಿ ಒಂದು ಭಾನುವಾರ ಅಬಿಂಗ್ಡನ್‌ಗೆ ಹೊರಟೆವು. ಎ420 ರಸ್ತೆ ಸ್ವಿಂಡನ್ ಬಿಟ್ಟು ಶ್ರಿವೆನ್‌ಹ್ಯಾಮ್ ದಾಟಿ ಫ್ಯಾರಿಂಗ್ಡನ್ ಕಡೆ ಹೋಗುತ್ತದೆ. ಬಲಗಡೆ ಸಾಲು ಗುಡ್ಡ, ಒಂದು ಗುಡ್ಡದ ಮೇಲೆ ಸಾವಿರಾರು ವರ್ಷದ ಹಿಂದೆ ಸುಣ್ಣದ ನೆಲದಲ್ಲಿ ಕೆತ್ತಿದ ಬಿಳಿ ಕುದುರೆ. ಕೆಳಗೆಲ್ಲ ಗೋಧಿ, ಬಾರ್ಲಿ ಹೊಲ. ಅರ್ಧ ಕೊಯ್ದಿದ್ದರು, ಅರ್ಧ ಕೊಯ್ಯಲು ಬಾಕಿ. ರಸ್ತೆ ಬದಿ ಗೇಟಿನ ಹತ್ತಿರ ಕಾರು ನಿಲ್ಲಿಸಿ ಎರಡೂ ತಗಡನ್ನು ಬೇಲಿಗೆ ಒರಗಿಸಿದೆ. ಹಸಿರು ತಗಡು ಬೇಲಿಯ ನೆರಳಿನಲ್ಲಿ ಸೇರಿಹೋಯಿತು. ಹಳದಿ ತಗಡು ಹೊಲದಲ್ಲಿ ಸೇರಿಹೋಯಿತು. ಕೊಯ್ಯದೆ ನಿಂತ ಪೈರಿನ ಬಣ್ಣ ಅಲ್ಲ ಅದು. ಕೊಯ್ದ ಮೇಲೆ ಉಳಿಯುವ ಕೂಳೆ ಇದೆಯಲ್ಲ, ಅದರ ಮೇಲೆ ಸಂಜೆ ಬಿಸಿಲು ಬಿದ್ದಾಗ ಬರುವ ಬಣ್ಣ. ಮಗಳು ಓಡಿ ಹೋಗಿ ಒಂದು ಒಣ ಕಡ್ಡಿ ತಂದು ತಗಡಿನ ಮೇಲಿಟ್ಟಳು. ಸ್ವಲ್ಪ ದೂರ ನಿಂತರೆ ಕಡ್ಡಿ ಕಾಣಿಸಲೇ ಇಲ್ಲ. ಇದಕ್ಕೆ ಹೆಸರಿಟ್ಟವರು ಇಂಥ ಹೊಲವನ್ನು ನೋಡಿಯೇ ಇಟ್ಟಿದ್ದಾರೆ ಅಂತ ನನಗೆ ಅನುಮಾನವೇ ಉಳಿಯಲಿಲ್ಲ. ಅಕೊನೈಟ್ ಬೇಡವಾ ಅಂತ ಮಗಳನ್ನು ಕೇಳಿದೆ. ‘ಅದು ಮುಂದಿನ ಕಾರಿಗೆ’ ಅಂದಳು.

ಅಬಿಂಗ್ಡನ್‌ನಲ್ಲಿ ಕಾರ್ಖಾನೆ ಈಗಿಲ್ಲ. 1980ರ ಅಕ್ಟೋಬರ್‌ನಲ್ಲಿ ಮುಚ್ಚಿದರು. ಕೊನೆಗೆ ತಯಾರಾದ ಒಂದು ಸಾವಿರ ಎಂಜಿಬಿಗಳಿಗೆ ಎರಡೇ ಬಣ್ಣ. ತೆರೆದ ಕಾರುಗಳಿಗೆ ಕಂಚು, ಜಿಟಿ ಎಂಬ ಗಟ್ಟಿ ಮಾಡಿನ ಕಾರುಗಳಿಗೆ ಬೂದು. ಅಲ್ಲಿ ಸ್ವಲ್ಪ ಹೊತ್ತು ಓಡಾಡಿ ವಾಪಸ್ ಬಂದೆವು.

ಹಳದಿ ಅಂತ ನಾನು ತೀರ್ಮಾನಿಸಿದ್ದು ಗೊತ್ತಾದ ಮೇಲೆ ಎಂಜಿ ಇಟ್ಟುಕೊಂಡ ಗೆಳೆಯರು ಹೇಳಿದ್ದೂ ಕೇಳಬೇಕು. ಹೆಚ್ಚಿನವರು ಬೇಡ ಅಂದರು. ನಾಳೆ ಮಾರುವಾಗ ಕೆಂಪು ಅಥವಾ ಹಸಿರು ಬೇಗ ಹೋಗುತ್ತದೆ, ಹಾರ್ವೆಸ್ಟ್ ಗೋಲ್ಡ್ ಅಂದರೆ ಜನ ಮೂಗು ಮುರಿಯುತ್ತಾರೆ ಅನ್ನುವುದು ಅವರ ಲೆಕ್ಕ. ಅದಕ್ಕೆ ಕಾರಣವೂ ಇದೆ. ಆ ಕಾಲದಲ್ಲಿ ಎಂಜಿ, ಆಸ್ಟಿನ್, ಮೋರಿಸ್ ಎಲ್ಲ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ದೊಡ್ಡ ಕಂಪನಿಯ ಅಡಿ ಇದ್ದವು. ಬಣ್ಣದ ಪಟ್ಟಿಯನ್ನೂ ಹಂಚಿಕೊಂಡವು. ಹಾರ್ವೆಸ್ಟ್ ಗೋಲ್ಡ್ ಎಂಜಿಬಿಗೆ ಬಂದ ಹಾಗೆ ಮಿನಿಗೂ ಬಂತು, ಮೋರಿಸ್ ಮರೀನಾಗೂ ಬಂತು, ಆಸ್ಟಿನ್ ಅಲೆಗ್ರೋಗೂ ಬಂತು. ಇಲ್ಲಿನ ಅರವತ್ತು ದಾಟಿದವರಿಗೆ ಆ ಬಣ್ಣ ಕಂಡರೆ ಸ್ಪೋರ್ಟ್ಸ್ ಕಾರು ನೆನಪಾಗುವುದಿಲ್ಲ, ಅಪ್ಪನ ಮರೀನಾ ನೆನಪಾಗುತ್ತದೆ.

ನನಗೆ ಅದೇ ಇಷ್ಟವಾಗುವುದು. 1973 ಈ ದೇಶಕ್ಕೆ ಸುಲಭದ ವರ್ಷ ಆಗಿರಲಿಲ್ಲ. ಜನವರಿಯಲ್ಲಿ ಯುರೋಪಿನ ಕೂಟ ಸೇರಿದರು, ಏಪ್ರಿಲ್‌ನಲ್ಲಿ ವ್ಯಾಟ್ ಬಂತು, ಅಕ್ಟೋಬರ್‌ನಲ್ಲಿ ತೈಲದ ಬಿಕ್ಕಟ್ಟು, ವರ್ಷ ತಿರುಗುತ್ತಿದ್ದ ಹಾಗೆ ಕರೆಂಟ್ ಉಳಿಸಲು ಕಾರ್ಖಾನೆಗಳು ವಾರಕ್ಕೆ ಮೂರೇ ದಿನ. ಅಂಥ ವರ್ಷದ ನಡುವೆ ಯಾರೋ ಒಬ್ಬರು ದುಡ್ಡು ಕೂಡಿಟ್ಟು, ಎರಡು ಸೀಟಿನ ಕಾರು ಕೊಂಡರು. ಕೆಂಪು ಇತ್ತು, ಬಿಳಿ ಇತ್ತು, ನೀಲಿ ಇತ್ತು. ಅವರು ಸುಗ್ಗಿಯ ಬಂಗಾರ ಬೇಕು ಅಂದರು. ಅದು ಅವರ ಆಯ್ಕೆ. ಅದನ್ನು ಆಮೇಲೆ ಎರಡು ಸಲ ಮುಚ್ಚಿದರು.

ಹಳೆ ಕಾರುಗಳು ಸೇರುವ ಕಡೆ ಹೋದರೆ ಎಂಜಿಬಿಗಳ ಸಾಲಿನಲ್ಲಿ ನನಗೆ ಕಾಣುವುದು ಬರೀ ಕೆಂಪು, ಹಸಿರು, ಅಲ್ಲೊಂದು ಇಲ್ಲೊಂದು ಬಿಳಿ. ಇದನ್ನು ನೋಡಿದ ಇವತ್ತಿನ ಮಕ್ಕಳು ಆ ಕಾಲದ ರಸ್ತೆಯೂ ಹೀಗೇ ಇತ್ತು ಅಂದುಕೊಳ್ಳುತ್ತಾರೆ. ಇರಲಿಲ್ಲ. ಆ ರಸ್ತೆಯಲ್ಲಿ ಕಿತ್ತಳೆ ಇತ್ತು, ಬದನೆಕಾಯಿ ಬಣ್ಣ ಇತ್ತು, ಸಾಸಿವೆ ಬಣ್ಣ ಇತ್ತು. ಒಬ್ಬೊಬ್ಬರೂ ತಮ್ಮ ಕಾರಿಗೆ ಚೆಂದ ಕಾಣಲಿ ಅಂತಲೇ ಕೆಂಪು, ಹಸಿರು ಹೊಡೆಸುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಎಲ್ಲರೂ ಹಾಗೆ ಮಾಡಿದಾಗ ಒಂದು ಇಡೀ ದಶಕದ ಬಣ್ಣ ಅಳಿಸಿಹೋಗುತ್ತದೆ. ನಮ್ಮ ಕಡೆ ಹಳೆ ಮನೆಯ ತೊಲೆ, ಕಂಬಗಳಿಗೆ ಎಣ್ಣೆ ಬಣ್ಣ ಬಳಿದು ಬಳಿದು ಕೆತ್ತನೆಯೇ ಮುಚ್ಚಿಹೋಗಿರುತ್ತದಲ್ಲ, ಹಾಗೆ. ಮಾವನ ಅಂಬಾಸಿಡರ್ ನನಗೆ ಬಿಳಿ. ಯಾರಾದರೂ ಅದಕ್ಕೆ ಇವತ್ತು ಮಿರಿಮಿರಿ ಕೆಂಪು ಹೊಡೆಸಿ ತಂದು ನಿಲ್ಲಿಸಿದರೆ ನಾನು ಅದನ್ನು ಗುರುತಿಸಲಾರೆ.

ಇನ್ನು ಬಣ್ಣ ಹೊಡೆಯುವ ಕೆಲಸ. ನಮ್ಮ ಪೇಂಟರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಮಾತು ಕಡಿಮೆ. ನನ್ನ ನಾಣ್ಯದ ವೃತ್ತದ ಮೇಲೆ ಹೆಬ್ಬೆರಳು ಆಡಿಸಿ, ‘ಇಷ್ಟು ದಪ್ಪದ ಮೇಲೆ ಇನ್ನೊಂದು ಪದರ ಹೊಡೆದರೆ ಬಿರುಕು ಬಿಡುತ್ತದೆ. ತಗಡು ಕಾಣುವವರೆಗೆ ಎಲ್ಲ ತೆಗೆಯಬೇಕು’ ಅಂದರು. ಆ ಕಾಲದ ಹಳದಿ ಬಣ್ಣಗಳಲ್ಲಿ ಸೀಸದ ಪುಡಿ ಇರುತ್ತಿತ್ತು. ಒಣಗಿದ್ದನ್ನು ಉಜ್ಜಿದರೆ ಆ ಧೂಳು ಮೈಗೆ ಹೋಗುತ್ತದೆ. ಮನೆಯಲ್ಲಿ ಉಜ್ಜುವವರು ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಆ ಸೀಸವೇ ಹಳೆ ಹಳದಿಯ ಬಲವೂ ಆಗಿತ್ತು. ಒಂದೆರಡು ಕೈ ಹೊಡೆದರೆ ಕೆಳಗಿನದು ಮುಚ್ಚಿಹೋಗುತ್ತಿತ್ತು. ಈಗಿನ ಸೀಸವಿಲ್ಲದ ಹಳದಿ ತೆಳು, ಕೆಳಗಿನ ಪ್ರೈಮರ್‌ನ ಬಣ್ಣ ಅದರೊಳಗಿಂದ ಇಣುಕುತ್ತದೆ. ಬೂದು ಪ್ರೈಮರ್ ಮೇಲೆ ಹೊಡೆದರೆ ಹಳದಿಗೆ ಹಸಿರು ಛಾಯೆ ಬರುತ್ತದೆ. ಅದಕ್ಕೆ ಬಿಳಿ ಪ್ರೈಮರ್ ಬೇಕು ಅಂದರು ಪೇಂಟರ್. ನಾನು ಮಾಡಿಸಿದ ಮೊದಲ ತಗಡು ಯಾಕೋ ಕಾಯಿಲೆ ಬಿದ್ದ ಹಾಗೆ ಕಂಡದ್ದು ಇದಕ್ಕೇ. ಬಿಳಿಯ ಮೇಲೆ ಇನ್ನೊಂದು ಹೊಡೆದುಕೊಟ್ಟರು, ಹೊಲಕ್ಕೆ ತೆಗೆದುಕೊಂಡು ಹೋದದ್ದು ಅದನ್ನೇ.

ಯಾವ ಥರದ ಪೇಂಟ್ ಅನ್ನುವುದರಲ್ಲೂ ತುಂಬ ದಿನ ತೂಗಾಡಿದೆ. ನಮ್ಮೂರ ಗರಾಜುಗಳಲ್ಲಿ ಡೂಕೋ ಅನ್ನುತ್ತಿದ್ದರಲ್ಲ, ಆ ಸೆಲ್ಯುಲೋಸ್ ಪೇಂಟ್ ಇಲ್ಲಿ ಹಳೆ ವಾಹನಗಳ ದುರಸ್ತಿಗೆ ಅಂತ ಇನ್ನೂ ಸಿಗುತ್ತದೆ. ಅದರ ಹೊಳಪು ಮೆತ್ತಗಿರುತ್ತದೆ, ಕೈಯಲ್ಲಿ ತಿಕ್ಕಿ ತಿಕ್ಕಿ ತಂದ ಹೊಳಪು. ಆದರೆ ವರ್ಷ ಕಳೆದಂತೆ ಕುಗ್ಗುತ್ತದೆ, ಮಂಕಾಗುತ್ತದೆ. ಟು-ಪ್ಯಾಕ್ ಪೇಂಟ್ ಗಟ್ಟಿ, ಬಾಳಿಕೆ ಜಾಸ್ತಿ. ಅದನ್ನು ಗಟ್ಟಿ ಮಾಡಲು ಬೆರೆಸುವ ದ್ರವದಲ್ಲಿ ಐಸೊಸಯನೇಟ್ ಎಂಬ ಉಸಿರಿಗೆ ಕೆಟ್ಟ ರಾಸಾಯನಿಕ ಇರುವುದರಿಂದ ಹೊರಗಿನಿಂದ ಗಾಳಿ ಕೊಡುವ ಮುಖವಾಡ ಇಲ್ಲದೆ ಸಿಂಪಡಿಸಬಾರದು. ಅದು ಮನೆಯ ಗರಾಜಿನ ಕೆಲಸ ಅಲ್ಲ. ನಾನು ಮಳೆಯಲ್ಲೂ ಓಡಿಸುವವಳು, ಹಾಗಾಗಿ ಟು-ಪ್ಯಾಕ್ ಅಂತ ತೀರ್ಮಾನ ಮಾಡಿದೆ. ಆದರೆ ಮೇಲೆ ಕ್ಲಿಯರ್ ಕೋಟ್ ಅನ್ನುವ ಬಣ್ಣವಿಲ್ಲದ ಹೊಳಪಿನ ಪದರ ಬೇಡ ಅಂದೆ. ಈಗಿನ ಕಾರುಗಳ ಹಾಗೆ ಗಾಜಿನೊಳಗೆ ಇಟ್ಟ ಹೊಳಪು ಈ ಹಳದಿಗೆ ಒಪ್ಪುವುದಿಲ್ಲ.

ಡ್ಯಾಶ್‌ಬೋರ್ಡ್ ಕಳಚಿದಾಗ ಅದರ ಹಿಂದಿನ ತಗಡು ಕಾಣಿಸಿತು. ಕೆಂಪು ಹೊಡೆದವರೂ ಹಸಿರು ಹೊಡೆದವರೂ ಅಲ್ಲಿಯವರೆಗೆ ಕೈ ಚಾಚಿರಲಿಲ್ಲ. 1973ರಿಂದ ಬಿಸಿಲು ಕಾಣದ ಹಾರ್ವೆಸ್ಟ್ ಗೋಲ್ಡ್, ಅಂಗೈ ಅಗಲ, ನಿನ್ನೆ ಹೊಡೆದ ಹಾಗೆ. ಪೇಂಟರ್ ಬಣ್ಣ ಅಳೆಯುವ ಪುಟ್ಟ ಯಂತ್ರವನ್ನು ಅದರ ಮೇಲಿಟ್ಟು ಅಳೆದುಕೊಂಡರು. ಕಂಪ್ಯೂಟರ್ ಕೊಟ್ಟ ಲೆಕ್ಕದ ಮೇಲೆ ಮತ್ತೆ ಕಣ್ಣಲ್ಲಿ ನೋಡಿ ಒಂದೆರಡು ಹನಿ ಕೆಂಪು ಮಣ್ಣಿನ ಬಣ್ಣ ಸೇರಿಸಿದರು. ಬಾಗಿಲಿಗೆ ಹೋಗಿ ಹಗಲ ಬೆಳಕಿಗೆ ಹಿಡಿದು ನೋಡಿದರು. ಅಮ್ಮ ಚಿಕ್ಕಪೇಟೆಯಲ್ಲಿ ಸೆರಗು ಹಿಡಿದ ಹಾಗೇ. ಆ ಅಂಗೈ ಅಗಲದ ಜಾಗವನ್ನು ಹಾಗೇ ಬಿಡಿ ಅಂತ ಕೇಳಿಕೊಂಡೆ. ಏನೂ ಹೇಳದೆ ಅದರ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿದರು.

ಸೋಮವಾರ ಬೆಳಿಗ್ಗೆ ಕಾರಿನ ಮೈ ಪೇಂಟ್ ಬೂತ್ ಒಳಗೆ ಹೋಗುತ್ತದೆ. ಅದಕ್ಕಿಂತ ಮುಂಚೆ ನನಗೊಂದು ಕೆಲಸ ಇತ್ತು. ಇಲ್ಲಿ ಕಾರಿನ ಬಣ್ಣ ಬದಲಾದರೆ ವಾಹನ ನೋಂದಣಿಯ ಕಚೇರಿಗೆ ತಿಳಿಸಬೇಕು, ಲಾಗ್‌ಬುಕ್ ಅನ್ನುವ ನೋಂದಣಿ ಪತ್ರದಲ್ಲಿ ಬಣ್ಣ ತಿದ್ದಿಸಬೇಕು. ನನ್ನದರಲ್ಲಿ ಕೆಂಪು ಅಂತಿದೆ. ಅಲ್ಲಿ ಹಾರ್ವೆಸ್ಟ್ ಗೋಲ್ಡ್ ಅಂತೆಲ್ಲ ಬರೆಯಲು ಆಗುವುದಿಲ್ಲ. ಅವರ ಪಟ್ಟಿಯಲ್ಲಿರುವ ಸಾದಾ ಬಣ್ಣಗಳಲ್ಲಿ ಒಂದನ್ನು ಆರಿಸಬೇಕು. ಹಳದಿಯೂ ಇದೆ, ಬಂಗಾರವೂ ಇದೆ. ನಿನ್ನೆ ರಾತ್ರಿ ಊಟ ಆದ ಮೇಲೆ ಲಾಗ್‌ಬುಕ್, ಒಂದು ಪೆನ್ನು, ಆ ಹಳದಿ ತಗಡು ಮೂರನ್ನೂ ಮೇಜಿನ ಮೇಲಿಟ್ಟುಕೊಂಡು ಕೂತೆ. ಗಂಡ ಪಕ್ಕದಲ್ಲಿ ನಿಂತು, ‘ಹಳದಿ ಅಂತ ಬರಿ, ನೋಡಿದವರಿಗೆ ಹಾಗೇ ಕಾಣೋದು’ ಅಂದ. ಅಮ್ಮನಿಗೆ ಫೋನ್ ಮಾಡಿದೆ. ಅವರಾಗಲೇ ಮಲಗಿದ್ದರು.

ಬಂಗಾರ ಅಂತ ಬರೆದು, ಬೆಳಿಗ್ಗೆ ನಡೆಯಲು ಹೋದಾಗ ಅಂಚೆ ಡಬ್ಬಿಗೆ ಹಾಕಿ ಬಂದೆ.